ಕಾರು ವಿಮೆಯಲ್ಲಿ ಮಾಲೀಕರ ಪಾಲು: ಮಲಪ್ರಭಾ ಸೀಮೆಯ ನೆಲೆಯಲ್ಲಿ ನಿರ್ಣಯ ಸಿದ್ಧಾಂತದ ಒಂದು ಲೆಕ್ಕ

ರಿಪೇರಿ ಖರ್ಚಿನ ಮೊದಲ ಪಾಲನ್ನು ತಾನೇ ಭರಿಸಲು ಕಾರಿನ ಮಾಲೀಕ ಒಪ್ಪಿದರೆ ವಿಮಾ ಕಂಪನಿ ಪ್ರೀಮಿಯಂ ಇಳಿಸುತ್ತದೆ. ಈ ವಾಲಂಟರಿ ಡಿಡಕ್ಟಿಬಲ್‌ಗೆ 2002ರ ಭಾರತೀಯ ಮೋಟಾರ್ ದರಪಟ್ಟಿ ನಾಲ್ಕು ಮೆಟ್ಟಿಲು ಹಾಕಿತ್ತು: 2,500 ರೂಪಾಯಿಗೆ ಗರಿಷ್ಠ 750, 5,000ಕ್ಕೆ 1,500, 7,500ಕ್ಕೆ 2,000, 15,000ಕ್ಕೆ 2,500 ರೂಪಾಯಿ ರಿಯಾಯಿತಿ. 2007ರಲ್ಲಿ ದರಗಳು ಮುಕ್ತವಾದವು. ಅಂಕಿ ಬದಲಾದರೂ ಲೆಕ್ಕದ ದಾರಿ ಅದೇ. ಪ್ರತಿ ಮೆಟ್ಟಿಲಿಗೂ ಕೇಳಬೇಕಾದದ್ದು ಒಂದೇ: ಹೆಚ್ಚುವರಿ ಉಳಿತಾಯವನ್ನು ಹೆಚ್ಚುವರಿ ಹೊರೆಯಿಂದ ಭಾಗಿಸಿದಾಗ ಬರುವ ಅಂಕಿಗಿಂತ ಕ್ಲೇಮಿನ ಸಂಭವ ಕಡಿಮೆಯೇ?

ಯಾವ ಕ್ಲೇಮು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ, ನೋ ಕ್ಲೇಮ್ ಬೋನಸ್ 50% ಇರುವವರು ಒಮ್ಮೆ ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗಿಳಿದು 20, 25, 35, 45 ಎಂದು ಮತ್ತೆ ಏರಬೇಕು. ಪ್ರೀಮಿಯಂ ಬದಲಾಗದಿದ್ದರೆ ಐದು ವರ್ಷಗಳಲ್ಲಿ ಕಳೆದುಕೊಳ್ಳುವುದು ಒಟ್ಟು 125%, ಅಂದರೆ 10,000 ರೂಪಾಯಿ. ಅದಕ್ಕಿಂತ ಸಣ್ಣ ಹಾನಿಗೆ ಕ್ಲೇಮ್ ಮಾಡುವುದೇ ನಷ್ಟ. ಆದ್ದರಿಂದ ಭರತ ಹುಣ್ಣಿಮೆಯಂದು ಸವದತ್ತಿಯ ಯಲ್ಲಮ್ಮನ ಗುಡ್ಡದ ದಟ್ಟಣೆಯಲ್ಲಿ ಆಗುವ ಗೀರು, ತಗ್ಗುಗಳು ಎಷ್ಟೇ ಸಾಮಾನ್ಯವಾದರೂ ಲೆಕ್ಕಕ್ಕೆ ಬರುವುದಿಲ್ಲ. ಬರುವುದು ಕಿತ್ತೂರಿನ ಹೆದ್ದಾರಿಯ ಡಿಕ್ಕಿ, ಬೈಲಹೊಂಗಲದ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರಿಗೆ ರಾತ್ರಿ ಬಡಿಯುವ ಪೆಟ್ಟು. ಬೋನಸನ್ನು ಸಾಮಾನ್ಯವಾಗಿ ರಿಯಾಯಿತಿಯ ನಂತರ ಕಳೆಯುವುದರಿಂದ ಉಳಿತಾಯವೂ ಅರ್ಧಕ್ಕಿಳಿಯುತ್ತದೆ. ಆಗ ನಾಲ್ಕು ಮೆಟ್ಟಿಲುಗಳ ಗಡಿ ಕ್ರಮವಾಗಿ 15%, 15%, 10%, 3.3%. ದೊಡ್ಡ ಪೆಟ್ಟು ಹತ್ತು ವರ್ಷಕ್ಕೊಮ್ಮೆಗಿಂತ ಅಪರೂಪ ಎನ್ನಬಲ್ಲವರು 7,500ರವರೆಗೆ ಧೈರ್ಯವಾಗಿ ಹೋಗಬಹುದು. 15,000ದ ಮೆಟ್ಟಿಲು ಮೂವತ್ತು ವರ್ಷಕ್ಕೊಮ್ಮೆ ಎಂಬ ಭರವಸೆ ಬೇಡುತ್ತದೆ. ಈ ರಸ್ತೆಗಳಲ್ಲಿ ಅದನ್ನು ಯಾರೂ ಕೊಡಲಾರರು.

ತಾಲೂಕುವಾರು ಸಂಭವದ ಅಂಕಿಯಿಲ್ಲದೆ ಈ ಲೆಕ್ಕ ಹೇಗೆ ಎಂದು ಆಕ್ಷೇಪಿಸಬಹುದು. ನಿಖರ ಅಂಕಿ ಬೇಕಿಲ್ಲ, ಗಡಿಯ ಯಾವ ಕಡೆ ಇದ್ದೇವೆಂದು ತಿಳಿದರೆ ಸಾಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ರೂಪಾಯಿಗೆ ಎಲ್ಲ ಕಾಲಕ್ಕೂ ಒಂದೇ ತೂಕವಿಲ್ಲ ಎಂಬುದು. ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲೇ ಇದನ್ನು ಗುರುತಿಸಿದ್ದ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಹೊಳೆದಂಡೆಯವರಿಗೆ ಬೆಳೆ, ಮನೆ, ವಾಹನಗಳ ಹಾನಿ ಒಟ್ಟಿಗೇ ಎದುರಾಗುವ ಸ್ಥಿತಿ. ಅಂಥ ತಿಂಗಳಲ್ಲಿ ಕೈಯಿಂದ ಹೋಗುವ ರೂಪಾಯಿಗೆ ಇಮ್ಮಡಿ ತೂಕ ಕೊಟ್ಟರೆ ಗಡಿಗಳು 7.5%, 7.5%, 5%, 1.7%ಕ್ಕೆ ಕುಸಿಯುತ್ತವೆ. ತಿಂಗಳ ಸಂಬಳವಿರುವ ಕಿತ್ತೂರಿನ ನೌಕರನಿಗೆ ಒಪ್ಪುವ 7,500, ಸುಗ್ಗಿಗೊಮ್ಮೆ ಹಣ ಕಾಣುವ ಹೊಳೆದಂಡೆಯ ರೈತನಿಗೆ ಒಪ್ಪಬೇಕಿಲ್ಲ. ಅವನು 5,000ಕ್ಕೆ, ಸಾಲ ಮಾಡಬೇಕಾದರೆ 2,500ಕ್ಕೇ ನಿಲ್ಲುವುದು ವಿವೇಕ.