ಹಿತ್ತಲ ತಂತಿ ಮತ್ತು ಬಾನುಲಿ: ಕಾಫಿ ಬೆಟ್ಟಗಳ ಒಂದು ಚರಿತ್ರೆ



ಬಾನುಲಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ನಿಲಯಗಳ ಚರಿತ್ರೆಯಾಗಿಯೇ ಓದುತ್ತೇವೆ. ಯಾವ ಊರಿನಲ್ಲಿ ಯಾವ ವರ್ಷ ನಿಲಯ ಆರಂಭವಾಯಿತು, ಅದರ ಶಕ್ತಿ ಎಷ್ಟು ಎಂಬುದೇ ಅಲ್ಲಿ ಮುಖ್ಯವಾಗುತ್ತದೆ. ಆದರೆ ಪ್ರಸಾರಕ್ಕೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ನಿಲಯದ ಗೋಪುರ, ಇನ್ನೊಂದು ತುದಿಯಲ್ಲಿ ಕೇಳುವವರ ಮನೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಎರಡನೆಯ ತುದಿಗೆ ಬಹಳ ಮಹತ್ವವಿತ್ತು. ನಿಲಯಗಳು ದೂರ, ನಡುವೆ ಬೆಟ್ಟಗಳು. ಹಿತ್ತಲಿನಲ್ಲಿ ಎರಡು ಮರಗಳ ನಡುವೆ ಎಳೆದು ಕಟ್ಟಿದ ತಂತಿ ಚೆನ್ನಾಗಿದ್ದರೆ ಲೋಕದ ಸುದ್ದಿ ಮನೆಗೆ ಬರುತ್ತಿತ್ತು. ಇಲ್ಲವಾದರೆ ಬರಿಯ ಗರಗರ ಸದ್ದು.

ದೂರದ ನಿಲಯಗಳು

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಒಂದು ಪುಟ್ಟ ನಿಲಯವನ್ನು ಆರಂಭಿಸಿದರು. ಅದರ ಶಕ್ತಿ ಕೇವಲ 30 ವ್ಯಾಟ್, ಅಂದರೆ ಒಂದು ಸಣ್ಣ ವಿದ್ಯುತ್ ದೀಪದಷ್ಟು. ಆ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ಧಾರವಾಡ ನಿಲಯ 1950ರಲ್ಲಿ ಬಂತು. 1955ರಲ್ಲಿ ಮೈಸೂರಿನ ನಿಲಯವು ಬೆಂಗಳೂರಿಗೆ ಸ್ಥಳಾಂತರವಾಯಿತು. ಈಗ ನಕ್ಷೆಯನ್ನು ತೆರೆದು ನೋಡಿ. ಮೂಡಿಗೆರೆಯಿಂದ ಬೆಂಗಳೂರಿಗೆ ಸರಳರೇಖೆಯಲ್ಲಿ ಸುಮಾರು 200 ಕಿಲೋಮೀಟರ್, ಧಾರವಾಡಕ್ಕೆ ಸುಮಾರು 260 ಕಿಲೋಮೀಟರ್. 1965ರಲ್ಲಿ ಭದ್ರಾವತಿ ನಿಲಯ ಆರಂಭವಾದಾಗ ಈ ದೂರ ಒಮ್ಮೆಲೇ 80 ಕಿಲೋಮೀಟರಿಗೆ ಇಳಿಯಿತು. ಮಂಗಳೂರು ನಿಲಯ 1976ರಲ್ಲಿ ಬಂತು. ಬ್ರಹ್ಮಾವರದಲ್ಲಿರುವ ಅದರ ಪ್ರೇಷಕ ಕೇಂದ್ರದಿಂದ ಕಳಸಕ್ಕೆ 70 ಕಿಲೋಮೀಟರ್ ಮಾತ್ರ. ಆದರೆ ನಡುವೆ ಪಶ್ಚಿಮ ಘಟ್ಟವೇ ನಿಂತಿದೆ. ಕಳಸದ ಪಕ್ಕದ ಕುದುರೆಮುಖದ ಎತ್ತರ 1,894 ಮೀಟರ್.

ಅಲೆ ಬೆಟ್ಟ ದಾಟುವ ಬಗೆ

ಹಾಗಾದರೆ ಈ ಬೆಟ್ಟಗಳನ್ನು ದಾಟಿ ಧ್ವನಿ ಬರುತ್ತಿದ್ದುದು ಹೇಗೆ? ಬೆಂಗಳೂರು ನಿಲಯದ ಮಧ್ಯಮ ತರಂಗದ ಕಂಪನಾಂಕ 612 ಕಿಲೋಹರ್ಟ್ಸ್. ಬೆಳಕಿನ ವೇಗವಾದ ಸೆಕೆಂಡಿಗೆ 3,00,000 ಕಿಲೋಮೀಟರನ್ನು ಈ ಕಂಪನಾಂಕದಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 490 ಮೀಟರ್ ಎಂದು ತಿಳಿಯುತ್ತದೆ. ಭದ್ರಾವತಿಯ 675 ಕಿಲೋಹರ್ಟ್ಸ್ ಅಲೆಯ ಉದ್ದ 444 ಮೀಟರ್. ಇಷ್ಟು ಉದ್ದದ ಅಲೆಗಳು ನೆಲವನ್ನು ತಬ್ಬಿಕೊಂಡೇ ಸಾಗುತ್ತವೆ. ಬೆಟ್ಟ ಅಡ್ಡ ಬಂದರೆ ಬಾಗಿ ದಾಟುತ್ತವೆ. ಕಣಿವೆಯಲ್ಲಿ ಅವು ಕ್ಷೀಣವಾಗುತ್ತವೆ, ಆದರೆ ಪೂರ್ತಿ ಅಳಿಯುವುದಿಲ್ಲ. ಎಫ್.ಎಂ. ಅಲೆಯ ಉದ್ದವಾದರೋ ಕೇವಲ 3 ಮೀಟರಿನಷ್ಟು. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಹೋಗುವುದರಿಂದ ಬೆಟ್ಟದ ಹಿಂದೆ 'ನೆರಳು' ಬೀಳುತ್ತದೆ.

ರಾತ್ರಿಯ ಕಥೆ ಬೇರೆ. ಹಗಲಿನಲ್ಲಿ ಆಕಾಶದ ಕೆಳಗಿನ ಅಯಾನು ಪದರವು ಮೇಲೇರುವ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರದಿಂದ ಪ್ರತಿಫಲಿಸಿ ದೂರ ದೂರಕ್ಕೆ ಬೀಳುತ್ತವೆ. ನೆಲದ ಮೇಲೆ ಬಂದ ಅಲೆಯೂ ಆಕಾಶದಿಂದ ಇಳಿದ ಅಲೆಯೂ ಒಂದೇ ತಂತಿಯಲ್ಲಿ ಕೂಡಿದಾಗ ಧ್ವನಿ ಒಮ್ಮೆ ಉಬ್ಬುತ್ತದೆ, ಒಮ್ಮೆ ಕುಗ್ಗುತ್ತದೆ. ದೂರದ ನಿಲಯಗಳನ್ನು ರಾತ್ರಿ ಕೇಳುವಾಗ ಇದನ್ನು ನೀವು ಗಮನಿಸಿರಬಹುದು. ಇದು ರೇಡಿಯೊದ ದೋಷವಲ್ಲ.

ತಂತಿಯ ಕೆಲಸವೇನು?

1901ರ ಡಿಸೆಂಬರ್ 12ರಂದು ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದೆನೆಂದು ಸಾರಿದಾಗ, ಆತನ ಏರಿಯಲ್ ಒಂದು ಗಾಳಿಪಟಕ್ಕೆ ಕಟ್ಟಿ ಹಾರಿಸಿದ ಸುಮಾರು 150 ಮೀಟರ್ ತಂತಿಯಾಗಿತ್ತು. ತಂತಿ ಎಷ್ಟು ಎತ್ತರವೋ ಅಷ್ಟು ಒಳ್ಳೆಯದು ಎಂಬ ಪಾಠ ಅಂದಿನಿಂದಲೇ ಇದೆ.

1940 ಮತ್ತು 50ರ ದಶಕಗಳ ವಾಲ್ವ್ ರೇಡಿಯೊಗಳ ಹಿಂಬದಿಯಲ್ಲಿ ಎರಡು ತೂತುಗಳಿರುತ್ತಿದ್ದವು. ಒಂದು ಏರಿಯಲ್‌ಗೆ, ಇನ್ನೊಂದು ಭೂಸಂಪರ್ಕಕ್ಕೆ ಅಂದರೆ 'ಅರ್ತ್'ಗೆ. ವಿದ್ಯುತ್ ಇಲ್ಲದ ಊರುಗಳಲ್ಲಿ ಇವು ಬ್ಯಾಟರಿಯಿಂದ ನಡೆಯುತ್ತಿದ್ದವು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಆ ಪದ್ಧತಿ ನಿಂತದ್ದು 1980ರ ದಶಕದಲ್ಲಿ. ಇಷ್ಟು ಖರ್ಚು ಮಾಡಿ ತಂದ ಪೆಟ್ಟಿಗೆ ಮಾತನಾಡಬೇಕಾದರೆ ಹಿತ್ತಲಿನಲ್ಲಿ ತಂತಿ ಬೇಕೇ ಬೇಕು. ಕಾಫಿ ಹಣ್ಣನ್ನು ಕಣದಲ್ಲಿ ಹರಡಿದ ಬೆಳೆಗಾರನಿಗೆ ಅಕಾಲ ಮಳೆಯ ಮುನ್ಸೂಚನೆ ಎಂದರೆ ಒಂದು ವರ್ಷದ ದುಡಿಮೆಯ ಪ್ರಶ್ನೆ. 1962, 1965, 1971ರ ಯುದ್ಧಗಳ ದಿನಗಳಲ್ಲಿ ಪತ್ರಿಕೆ ತಡವಾಗಿ ತಲುಪುವ ಊರಿಗೆ ಬಾನುಲಿಯೇ ಸುದ್ದಿಯ ದಾರಿ.

ಟ್ರಾನ್ಸಿಸ್ಟರ್ ರೇಡಿಯೊ 1954ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ಮುಂದೆ ನಮ್ಮಲ್ಲೂ ಹರಡಿತು. ಅದರೊಳಗೆ ಫೆರೈಟ್ ಎಂಬ ಕಪ್ಪು ಕಡ್ಡಿಗೆ ಸುತ್ತಿದ ಸುರುಳಿಯೇ ಏರಿಯಲ್. ಹೊರಗಿನ ತಂತಿ ಇನ್ನು ಬೇಡವೆಂದು ಜನ ಭಾವಿಸಿದರು. ಪಟ್ಟಣದಲ್ಲಿ ಅದು ನಿಜ. ಕಣಿವೆಯ ಮನೆಗಳಲ್ಲಿ ಮಾತ್ರ ತಂತಿಯ ಕೆಲಸ ಮುಗಿಯಲಿಲ್ಲ.

ತಂತಿಯನ್ನು ಉತ್ತಮಪಡಿಸುವುದು

ನಿಮ್ಮ ಹಿತ್ತಲಿನಲ್ಲೂ ಇದನ್ನು ಮಾಡಿ ನೋಡಬಹುದು. ಭದ್ರಾವತಿಯ ಅಲೆಯ ಕಾಲು ಭಾಗವೆಂದರೂ 111 ಮೀಟರ್. ಅಷ್ಟು ಉದ್ದದ ತಂತಿ ಅಗತ್ಯವಿಲ್ಲ. 15ರಿಂದ 20 ಮೀಟರ್ ಉದ್ದ, 6ರಿಂದ 10 ಮೀಟರ್ ಎತ್ತರ ಸಾಕು. ಉದ್ದವನ್ನು ಹೆಚ್ಚಿಸುವ ಮೊದಲು ಎತ್ತರವನ್ನು ಹೆಚ್ಚಿಸಿ.

ತಂತಿಯ ಎರಡೂ ತುದಿಗಳಿಗೆ ಪಿಂಗಾಣಿಯ ಇನ್ಸುಲೇಟರ್ ಇರಬೇಕು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿದರೆ, ಅಥವಾ ಒದ್ದೆ ಎಲೆಗಳು ತಂತಿಗೆ ತಾಗಿದರೆ ಸಂಕೇತ ಸೋರಿಹೋಗುತ್ತದೆ. ಸಿಲ್ವರ್ ಮರಕ್ಕೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟಬೇಡಿ. ಆಷಾಢದ ಗಾಳಿಗೆ ಮರ ತೂಗಿದರೆ ತಂತಿ ತುಂಡಾಗುತ್ತದೆ. ಹಗ್ಗವನ್ನು ಸಣ್ಣ ರಾಟೆಯ ಮೇಲೆ ಹಾಯಿಸಿ ತುದಿಗೊಂದು ಕಲ್ಲು ತೂಗುಬಿಟ್ಟರೆ, ಮರ ಬಾಗಿದಾಗ ಕಲ್ಲು ಏರುತ್ತದೆ, ತಂತಿ ಉಳಿಯುತ್ತದೆ. ತಾಮ್ರದ ಗಂಟುಗಳಿಗೆ ಕಿಲುಬು ಹಿಡಿದರೆ ಗಾಳಿ ಬೀಸಿದಾಗಲೆಲ್ಲ ಚಟಪಟ ಸದ್ದು ಬರುತ್ತದೆ. ಆದ್ದರಿಂದ ಗಂಟುಗಳನ್ನು ಬೆಸುಗೆ ಹಾಕಿಸಿ.

ಜನ ಸಾಮಾನ್ಯವಾಗಿ ಮರೆಯುವುದು ಭೂಸಂಪರ್ಕವನ್ನು. ಒಂದು ಕೈಯಲ್ಲಿ ಚಪ್ಪಾಳೆಯಾಗದು. ಗಿಡ್ಡ ತಂತಿಯ ಏರಿಯಲ್‌ಗೆ ನೆಲವೇ ಎರಡನೆಯ ಕೈ. ಒಂದೂವರೆ ಮೀಟರಿನಷ್ಟು ಜಿ.ಐ. ಪೈಪನ್ನು ತೇವವಿರುವ ಜಾಗದಲ್ಲಿ, ಉದಾಹರಣೆಗೆ ಬಚ್ಚಲಿನ ನೀರು ಹರಿಯುವ ಕಡೆ, ನೆಲಕ್ಕೆ ಇಳಿಸಿ ಸುತ್ತ ಇದ್ದಲು ಮತ್ತು ಉಪ್ಪು ತುಂಬುವುದು ಹಳೆಯ ಪದ್ಧತಿ. ಬೇಸಿಗೆಯಲ್ಲಿ ಅಲ್ಲಿಗೆ ನೀರು ಹಾಕುತ್ತಿರಬೇಕು.

ಟ್ರಾನ್ಸಿಸ್ಟರ್ ಆದರೆ ಬಿಚ್ಚುವ ಅಗತ್ಯವಿಲ್ಲ. ಮೇಲುಹೊದಿಕೆಯಿರುವ ತಂತಿಯನ್ನು ಪೆಟ್ಟಿಗೆಯ ಅಡ್ಡಕ್ಕೆ, ಪೊಟ್ಟಣಕ್ಕೆ ದಾರ ಸುತ್ತುವಂತೆ, ಮೂರು-ನಾಲ್ಕು ಸುತ್ತು ಸುತ್ತಿ. ಒಂದು ತುದಿಯನ್ನು ಏರಿಯಲ್‌ಗೂ ಇನ್ನೊಂದನ್ನು ಭೂಸಂಪರ್ಕಕ್ಕೂ ಜೋಡಿಸಿ. ದಿಕ್ಕನ್ನೂ ಗಮನಿಸಿ: ಕಡ್ಡಿಯು ನಿಲಯದ ದಿಕ್ಕಿಗೆ ಅಡ್ಡವಾಗಿದ್ದಾಗ ಧ್ವನಿ ಗರಿಷ್ಠ. ಮೂಡಿಗೆರೆಗೆ ಭದ್ರಾವತಿ ಉತ್ತರದಲ್ಲಿದೆ. ಆದ್ದರಿಂದ ಪೆಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ.

ಮುಖ್ಯ ಎಚ್ಚರಿಕೆ

ಮುಂಗಾರಿಗೆ ಮೊದಲಿನ ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲಿನೊಡನೆ ಬರುತ್ತವೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಎತ್ತರದ ತಂತಿಯು ಸಿಡಿಲಿಗೆ ಮನೆಯೊಳಗೆ ದಾರಿ ತೋರಿಸಬಲ್ಲದು. ಹಿಂದಿನವರು ಕಿಟಕಿಯ ಹೊರಗೆ ಒಂದು ಸ್ವಿಚ್ ಇಟ್ಟು, ಕೇಳದಿರುವಾಗ ಏರಿಯಲನ್ನು ನೇರವಾಗಿ ನೆಲಕ್ಕೆ ಸೇರಿಸುತ್ತಿದ್ದರು. ನೀವೂ ಹಾಗೆಯೇ ಮಾಡಿ. ಮೋಡ ಕಟ್ಟುವ ಮೊದಲೇ ಈ ಕೆಲಸ ಮುಗಿಯಬೇಕು. ಗುಡುಗು ಕೇಳಿಸಿದ ಮೇಲೆ ತಂತಿಯನ್ನು ಮುಟ್ಟಲೇಬಾರದು. ವಿದ್ಯುತ್ ಲೈನಿನ ಮೇಲಾಗಲಿ, ಕೆಳಗಾಗಲಿ, ಸಮೀಪವಾಗಲಿ ಏರಿಯಲ್ ಕಟ್ಟಬೇಡಿ. ಕಟ್ಟುವಾಗ ಹಿರಿಯರೊಬ್ಬರು ಜೊತೆಗಿರಲಿ.

ಹೊಸ ಕಾಲದ ಗದ್ದಲ

ಹಿಂದಿನ ಕೇಳುಗರ ಶತ್ರು ಸಿಡಿಲಿನ ಸದ್ದು. ಇಂದು ಮನೆಯೇ ಗದ್ದಲ ಮಾಡುತ್ತದೆ. ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳು ಮಧ್ಯಮ ತರಂಗದಲ್ಲಿ ಗುಂಯ್‌ಗುಡುತ್ತವೆ. ಆನೆಗಳನ್ನು ತಡೆಯಲು ತೋಟದ ಸುತ್ತ ಹಾಕಿದ ಸೋಲಾರ್ ಬೇಲಿಯು ಸುಮಾರು ಸೆಕೆಂಡಿಗೊಮ್ಮೆ 'ಟಕ್' ಎನ್ನುವುದು ರೇಡಿಯೊದಲ್ಲಿ ಕೇಳಿಸಬಹುದು. ಸ್ಪಷ್ಟವಾಗಿ ಕೇಳುವುದೆಂದರೆ ಜೋರಾಗಿ ಕೇಳುವುದಲ್ಲ. ಗದ್ದಲಕ್ಕಿಂತ ಸಂಕೇತ ಎಷ್ಟು ಹೆಚ್ಚಿದೆ ಎಂಬುದೇ ಲೆಕ್ಕ. ಬ್ಯಾಟರಿಯಲ್ಲಿ ರೇಡಿಯೊ ಹಾಕಿ, ಹಿರಿಯರಿಂದ ಮನೆಯ ಮೈನ್ ಸ್ವಿಚ್ ಆರಿಸಿಸಿ ಕೇಳಿ. ಗದ್ದಲ ನಿಂತರೆ ಅದರ ಮೂಲ ಮನೆಯಲ್ಲೇ ಇದೆ. ಆಗ ತಂತಿಯನ್ನು ಉದ್ದ ಮಾಡುವುದಕ್ಕಿಂತ ಮನೆಯಿಂದ ದೂರಕ್ಕೆ ಸರಿಸುವುದು ಲೇಸು.

ಈಚಿನ ವರ್ಷಗಳಲ್ಲಿ ದೇಶದ ಕೆಲವು ಮಧ್ಯಮ ತರಂಗ ಪ್ರೇಷಕಗಳು ಮೌನವಾಗಿವೆ. ಕೇಳುಗರ ತುದಿಯ ಚರಿತ್ರೆಯೂ ಅದರೊಡನೆ ಮರೆಯಾಗಬಹುದು. ಅದು ನಿಲಯಗಳ ದಾಖಲೆಯಲ್ಲಿ ಸಿಗುವುದಿಲ್ಲ. ಅಟ್ಟದ ಮೇಲಿನ ಲೈಸೆನ್ಸ್ ಪುಸ್ತಕ, ಮರದಲ್ಲಿ ಉಳಿದ ರಾಟೆ, ಗೋಡೆಯ ತೂತಿನಲ್ಲಿ ಸಿಕ್ಕಿಕೊಂಡ ತಂತಿಯ ತುಣುಕು, ಹಿರಿಯರ ನೆನಪು ಇವೇ ಅದರ ಆಧಾರಗಳು. ಈ ರಜೆಯಲ್ಲಿ ನಿಮ್ಮ ಊರಿನ ಅಜ್ಜ ಅಜ್ಜಿಯರನ್ನು ಕೇಳಿ: ಮೊದಲ ರೇಡಿಯೊ ಯಾರ ಮನೆಗೆ ಬಂತು, ಯಾವ ನಿಲಯ ಕೇಳುತ್ತಿತ್ತು, ತಂತಿಯನ್ನು ಎಲ್ಲಿಂದ ಎಲ್ಲಿಗೆ ಕಟ್ಟಿದ್ದರು? ಅವರು ಹೇಳಿದ್ದನ್ನು ಊರು, ವರ್ಷಗಳ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.