ಬಂದೂಕಿನ ಕುದುರೆಗೆ ಕಡಿವಾಣ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ನಮ್ಮ ಆದವಾನಿಯ ಇತಿಹಾಸವನ್ನು ಬರೆಯುವವರು ಕೋಟೆಯನ್ನೂ ಫಿರಂಗಿಗಳನ್ನೂ ಮರೆಯುವುದಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನನು ಈ ದುರ್ಗವನ್ನು ಮುತ್ತಿ ಗೆದ್ದುದು, 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟುದು, 1839ರಲ್ಲಿ ಕರ್ನೂಲಿನ ನವಾಬನು ಕೂಡಿಸಿಟ್ಟ ಆಯುಧಗಳ ರಾಶಿಯೇ ಅವನ ಪದವಿಗೆ ಎರವಾದುದು, ಇವೆಲ್ಲ ಬಲ್ಲವರು ಬಲ್ಲ ಸಂಗತಿಗಳು. ಆದರೆ ಅಂತಹ ಆಯುಧವು ಹಿಡಿದವನನ್ನೇ ಕೊಲ್ಲದಂತೆ ತಡೆಯುತ್ತಿದ್ದ ಏರ್ಪಾಟು ಯಾವುದೆಂದು ಕೇಳುವವರು ವಿರಳ. ಆಯುಧಪೂಜೆಯಂದು ಹಳೆಯ ಕೋವಿಗೆ ಗಂಧಕುಂಕುಮವಿಡುವ ನಾಡಿನಲ್ಲಿ ಇದು ಕೇಳತಕ್ಕ ಪ್ರಶ್ನೆಯೆಂದೇ ನಾವು ಭಾವಿಸುತ್ತೇವೆ.

ಕೋವಿಯಲ್ಲಿ ಬಡಿಯುವ ಭಾಗವನ್ನು ಕನ್ನಡಿಗರು ಕುದುರೆಯೆಂದು ಕರೆದರು. ಅದರ ಓಟವನ್ನು ಬಲ್ಲವರಿಟ್ಟ ಹೆಸರು! ಚಕಮಕಿ ಕೋವಿಯ ಕುದುರೆಯನ್ನು ಅರ್ಧಕ್ಕೆಳೆದರೆ ಒಳಗಿನ ಕಚ್ಚಿನಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಕಚ್ಚು ಸವೆದರೆ ಕಾವಲೂ ಹೋಯಿತು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆಯನ್ನೆಳೆಯಬೇಕಾದ ರಿವಾಲ್ವರುಗಳಿಗೂ ಈ ಕಚ್ಚು ಬಂದಿತು. ಅಮೆರಿಕದ ಕೋಲ್ಟನು ತನ್ನ ಮದ್ದಿನ ರಿವಾಲ್ವರುಗಳ ಉರುಳೆಯ ಹಿಂಬದಿಯಲ್ಲಿ, ಎರಡೆರಡು ಗುಂಡಿನ ಮನೆಗಳ ನಡುವೆ, ಕುದುರೆ ಒರಗಿರಲೆಂದು ಚಿಕ್ಕ ಮೊಳೆಗಳನ್ನಿಟ್ಟನು. ಹಳೆಯವುಗಳಲ್ಲಿ ಇವು ಬಡಿದು ಚಪ್ಪಟೆಯಾಗಿರುವುದುಂಟು. 1873ರ ಕೋಲ್ಟಿನಲ್ಲಾದರೋ ಕುದುರೆಯ ಮೂತಿಯ ಸೂಜಿಯು ತೋಟೆಯ ಬೆನ್ನ ಮೇಲೆಯೇ ಒರಗುತ್ತಿತ್ತು. ಕೈಜಾರಿ ಬಿದ್ದರೆ ಗುಂಡು ಹಾರಿತೆಂದೇ ತಿಳಿಯಬೇಕು. ಆದುದರಿಂದ ಅರಿತವರು ಆರು ಮನೆಗಳಲ್ಲಿ ಐದನ್ನೇ ತುಂಬಿ, ಬರಿದಾದುದರ ಮೇಲೆ ಕುದುರೆಯನ್ನು ಇಳಿಸಿಡುತ್ತಿದ್ದರು.

ಆದವಾನಿಯು ಜಿಲ್ಲೆ ಬದಲಿಸಿದ ಅದೇ 1953ರಲ್ಲಿ ಅಮೆರಿಕದ ರೂಗರ್ ಕಂಪನಿಯು ಅದೇ ಮಾದರಿಯ ರಿವಾಲ್ವರನ್ನು ಹೊರತಂದಿತು. ಹಳೆಯ ಅಪಾಯವೂ ಅದರೊಡನೆ ಬಂದಿತು. 1973ರಲ್ಲಿ ಕಂಪನಿಯು ಕುದುರೆಗೂ ಸೂಜಿಗೂ ನಡುವೆ ಒಂದು ಉಕ್ಕಿನ ಪಟ್ಟಿಯನ್ನಿಟ್ಟಿತು. ಟ್ರಿಗರನ್ನು ಒತ್ತಿಹಿಡಿದಾಗ ಮಾತ್ರ ಪಟ್ಟಿಯು ಮೇಲೆದ್ದು ಕುದುರೆಯ ಪೆಟ್ಟನ್ನು ಸೂಜಿಗೆ ಮುಟ್ಟಿಸುವುದು. ಬೆರಳು ತೆಗೆದರೆ ಪಟ್ಟಿ ತಗ್ಗುವುದು, ಪೆಟ್ಟು ಚೌಕಟ್ಟಿನ ಮೇಲೆ ಬೀಳುವುದು. 1982ರಿಂದ ಹಳೆಯ ರಿವಾಲ್ವರುಗಳಿಗೂ ಇಂತಹ ಪಟ್ಟಿಯನ್ನು ಕಂಪನಿಯು ಉಚಿತವಾಗಿ ಜೋಡಿಸಿಕೊಡತೊಡಗಿತು.

ಗುರುತಿಸುವ ಬಗೆಯನ್ನು ಹೇಳುವ ಮೊದಲು ಒಂದು ಮಾತು: ಉರುಳೆಯ ಆರೂ ಮನೆಗಳು ಬರಿದಾಗಿವೆಯೆಂದು ಕಣ್ಣಾರೆ ನೋಡದೆ ಯಾರೂ ಪರೀಕ್ಷೆಗೆ ಕೈಹಾಕಬಾರದು. ರೂಗರಿನ ಚೌಕಟ್ಟಿನ ಪಕ್ಕದಲ್ಲಿ ಮೂರು ತಿರುಪುಮೊಳೆಗಳಿದ್ದರೆ ಅದು 1973ಕ್ಕೆ ಮೊದಲಿನ ಮಾದರಿ. ತಿರುಪಿಲ್ಲದ ಎರಡು ಕಡ್ಡಿಗಳಿದ್ದರೆ ಹೊಸತು. ಆದರೆ ತಿರುಪನ್ನೆಣಿಸಿದ ಮಾತ್ರಕ್ಕೆ ತೀರ್ಪು ಹೇಳಲಾಗದು, ಏಕೆಂದರೆ ದುರಸ್ತಿಯಾದುದರಲ್ಲಿಯೂ ಮೂರೇ ಇರುತ್ತವೆ. ಕುದುರೆಯನ್ನು ಪೂರ್ತಿಯಾಗಿ ಎಳೆದು ಅದರ ಮುಂದಣ ಸಂದಿನಲ್ಲಿ ಪಟ್ಟಿಯ ತುದಿ ಕಾಣುವುದೇ ಎಂದು ನೋಡಬೇಕು. ಕಂಡರೆ ದುರಸ್ತಿಯಾಗಿದೆ; ಕಾಣದಿದ್ದರೆ ಅದನ್ನು ಐದು ಗುಂಡಿನ ಆಯುಧವೆಂದೇ ಎಣಿಸತಕ್ಕದ್ದು. ಕಾಗದಪತ್ರದಲ್ಲಿ ದುರಸ್ತಿಯಾಯಿತೆಂದು ಬರೆದಿದ್ದರೂ ನೋಡದೆ ಬಿಡಬಾರದು: ಬಿಚ್ಚಿದ ಹಳೆಯ ಭಾಗಗಳನ್ನು ಕಂಪನಿಯು ಒಡೆಯನಿಗೇ ಹಿಂತಿರುಗಿಸುತ್ತಿತ್ತು, ಹಳಮೆಯ ಬೆಲೆಗೆ ಆಸೆಪಟ್ಟವನು ಅವನ್ನೇ ಮರಳಿ ಜೋಡಿಸಿರಬಹುದು.