ನ್ಯೂಟ್ರಾನ್ ಚದುರಿಕೆ ಮತ್ತು ಗಾಮಾ ಶೋಧನೆ: ನ್ಯೂಕ್ಲಿಯಸ್ ಅಧ್ಯಯನದ ಚರಿತ್ರೆ

ವೇಗದ ನ್ಯೂಟ್ರಾನ್ ನ್ಯೂಕ್ಲಿಯಸ್ಸಿಗೆ ಬಡಿದು ತನ್ನ ಶಕ್ತಿಯ ಒಂದು ಪಾಲನ್ನು ಅಲ್ಲೇ ಬಿಟ್ಟು ಹೊರಬೀಳಬಲ್ಲದು. ಉದ್ರಿಕ್ತಗೊಂಡ ನ್ಯೂಕ್ಲಿಯಸ್ ಆ ಪಾಲನ್ನು ಗಾಮಾ ಕಿರಣಗಳಾಗಿ ಹೊರಹಾಕುತ್ತದೆ. ಅವುಗಳ ಶಕ್ತಿಯನ್ನು ಅಳೆದರೆ ನ್ಯೂಕ್ಲಿಯಸ್ಸಿನ ಒಳಗಿನ ಶಕ್ತಿಮಟ್ಟಗಳು ತಿಳಿಯುತ್ತವೆ. ಈ ವಿಧಾನದ ಚರಿತ್ರೆಯನ್ನು ರಿಯಾಕ್ಟರು, ವೇಗವರ್ಧಕಗಳ ಕಥೆಯಾಗಿ ಹೇಳುವುದು ರೂಢಿ. ಆದರೆ ಅದನ್ನು ಮುಂದಕ್ಕೆ ಒಯ್ದದ್ದು ಹೆಚ್ಚಾಗಿ ಗಾಮಾ ಶೋಧಕಗಳೇ. ನ್ಯೂಟ್ರಾನ್, ಗಾಮಾ ಎರಡನ್ನೂ ಬೇರ್ಪಡಿಸಿ ಕಾಣುವ ಕಷ್ಟ ಮೊದಲಿನಿಂದಲೂ ಇತ್ತು. 1930ರಲ್ಲಿ ಬೋಥೆ ಮತ್ತು ಬೆಕರ್ ಬೆರಿಲಿಯಂನಿಂದ ಹೊಮ್ಮಿದ ತೀಕ್ಷ್ಣ ವಿಕಿರಣವನ್ನು ಗಾಮಾ ಎಂದೇ ಬಗೆದರು. ಆ ವಿಕಿರಣ ಮೇಣದಿಂದ ವೇಗದ ಪ್ರೋಟಾನುಗಳನ್ನು ಕೀಳುವುದನ್ನು ಕಂಡ ಜೋಲಿಯೊ-ಕ್ಯೂರಿ ದಂಪತಿಗಳೂ ಹಾಗೆಯೇ ಭಾವಿಸಿದರು. ಅದು ಗಾಮಾ ಆಗಿದ್ದರೆ, ಮೇಣದಿಂದ ಅಷ್ಟು ವೇಗದ ಪ್ರೋಟಾನುಗಳನ್ನು ಕೀಳಲು ಸುಮಾರು 50 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕಾಗುತ್ತಿತ್ತು. ಅಷ್ಟು ಶಕ್ತಿ ಬರಲು ದಾರಿಯೇ ಇರಲಿಲ್ಲ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಗುರುತಿಸಿದ್ದು ಈ ಲೆಕ್ಕ ಕೂಡದೆ ಹೋದ ಕಡೆಯಿಂದಲೇ.

1948ರಲ್ಲಿ ಹಾಫ್‌ಸ್ಟಾಟರ್ ರೂಪಿಸಿದ ಸೋಡಿಯಂ ಅಯೊಡೈಡ್ ಹರಳು ಗಾಮಾ ಶಕ್ತಿ ಅಳೆಯುವ ಮೊದಲ ಸಮರ್ಥ ಸಾಧನವಾಯಿತು. ಲಾಸ್ ಅಲಾಮೊಸ್‌ನ ಆರ್. ಬಿ. ಡೇ 1956ರಲ್ಲಿ ಪ್ರಕಟಿಸಿದ, ನ್ಯೂಟ್ರಾನ್ ಚದುರಿಕೆಯ ಗಾಮಾ ಅಳತೆಗಳು ಈ ಘಟ್ಟಕ್ಕೆ ಸೇರಿದವು. ಆದರೆ ಹರಳಿನಲ್ಲಿ ಒಂದೊಂದು ಗಾಮಾ ಗೆರೆಯೂ ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟ್ ಅಗಲಕ್ಕೆ ಹರಡಿ, ಪಕ್ಕದ ಗೆರೆಯೊಂದಿಗೆ ಕಲಸಿಹೋಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಟ್ಯಾವೆಂಡೇಲ್ ಮತ್ತು ಯುವಾನ್ ಪಳಗಿಸಿದ ಲಿಥಿಯಂ ಬೆರೆತ ಜರ್ಮೇನಿಯಂ ಶೋಧಕ ಆ ಅಗಲವನ್ನು ಕೆಲವೇ ಕಿಲೋ ಎಲೆಕ್ಟ್ರಾನ್ ವೋಲ್ಟುಗಳಿಗೆ ಇಳಿಸಿತು. ಅದನ್ನು ಸದಾ ದ್ರವ ಸಾರಜನಕದಲ್ಲಿ ತಣ್ಣಗಿಡಬೇಕಿತ್ತು, ಆದರೂ ಯಾರೂ ಹಿಂದಕ್ಕೆ ಹೋಗಲಿಲ್ಲ. ಶೋಧಕದ ಮೇಲ್ಗೈಗೆ ಬಾಗ್ದಾದ್ ಬಳಿಯ ಸಂಶೋಧನಾ ರಿಯಾಕ್ಟರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಾನಾ ಶಕ್ತಿಗಳು ಬೆರೆತ ಅಲ್ಲಿನ ನ್ಯೂಟ್ರಾನುಗಳಿಂದ, ಜರ್ಮೇನಿಯಂ ಶೋಧಕ ಹಿಡಿದು, ಸೋವಿಯತ್ ಮತ್ತು ಇರಾಕಿ ವಿಜ್ಞಾನಿಗಳು 76 ನೈಸರ್ಗಿಕ ಮಾದರಿಗಳನ್ನೂ 29 ಸಮೃದ್ಧ ಐಸೋಟೋಪು ಮಾದರಿಗಳನ್ನೂ ಅಳೆದರು. 1978ರಲ್ಲಿ ಮಾಸ್ಕೋದಲ್ಲಿ ಅಚ್ಚಾದ ಆ ಅಳತೆಗಳ ಅಟ್ಲಾಸನ್ನು ದಶಕಗಳ ಬಳಿಕ ಬರ್ಕ್ಲಿಯ ತಂಡ ಡಿಜಿಟಲ್ ರೂಪಕ್ಕೆ ತಂದಿತು.

ಶೋಧಕವೇ ಮೇಲು ಎಂಬ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಬೆರಕೆ ನ್ಯೂಟ್ರಾನುಗಳಿಂದ ಗಾಮಾದ ಶಕ್ತಿ ತಿಳಿಯುತ್ತದೆ, ಅದು ಯಾವ ಮಟ್ಟದಿಂದ ಇಳಿದು ಬಂತೆಂಬುದು ತಿಳಿಯುವುದಿಲ್ಲ. ನಿಜ, ಇಲ್ಲಿ ನ್ಯೂಟ್ರಾನ್ ಮೂಲಕ್ಕೆ ಸಲ್ಲಬೇಕಾದ್ದು ಸಲ್ಲಲೇಬೇಕು. ಕೆಂಟಕಿ ವಿಶ್ವವಿದ್ಯಾಲಯದ 70 ಲಕ್ಷ ವೋಲ್ಟಿನ ವಾನ್ ಡಿ ಗ್ರಾಫ್ ಯಂತ್ರದಲ್ಲಿ ಟ್ರಿಶಿಯಂಗೆ ಪ್ರೋಟಾನ್ ಹೊಡೆದು ಹೆಚ್ಚುಕಡಿಮೆ ಒಂದೇ ಶಕ್ತಿಯ ನ್ಯೂಟ್ರಾನುಗಳನ್ನು ಪಡೆಯುತ್ತಾರೆ. ಆ ಶಕ್ತಿಯನ್ನು ಮೆಲ್ಲಗೆ ಏರಿಸುತ್ತ ಹೋದರೆ, ಮಟ್ಟವೊಂದರ ಹೊಸ್ತಿಲು ದಾಟಿದಾಗಲೇ ಅದರ ಗಾಮಾ ಕಾಣಿಸಿಕೊಳ್ಳುತ್ತದೆ. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲದ ಕಾರಣ, ಪ್ರೋಟಾನನ್ನು ದೂರ ತಳ್ಳುವ ವಿಕರ್ಷಣೆಯ ತಡೆ ಅದಕ್ಕಿಲ್ಲ; ಮಟ್ಟದ ಸ್ವರೂಪ ನೋಡಿ ಆಯ್ಕೆ ಮಾಡುವ ಗುಣವೂ ಕಡಿಮೆ. ಆದರೂ ಹೊಸ್ತಿಲನ್ನು ಓದುವುದು ಗಾಮಾ ಶೋಧಕವೇ. ನ್ಯೂಟ್ರಾನ್ ಪುಂಜದ ಶಕ್ತಿಯಲ್ಲಿ ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟ್ ಅನಿಶ್ಚಯ ಉಳಿದರೂ ಗೆರೆಯ ನಿಖರತೆ ಕೆಡುವುದಿಲ್ಲ. ಬಡಿತಕ್ಕೆ ಹಿಮ್ಮೆಟ್ಟುವ ನ್ಯೂಕ್ಲಿಯಸ್ ಮಾದರಿಯೊಳಗೆ ನಿಧಾನವಾಗುತ್ತ ಗಾಮಾ ಸೂಸಿದರೆ, ಗೆರೆಯ ಡಾಪ್ಲರ್ ಪಲ್ಲಟದಿಂದ ಮಟ್ಟದ ಅತ್ಯಲ್ಪ ಆಯುಷ್ಯವನ್ನೂ ಲೆಕ್ಕ ಹಾಕಬಹುದು. ಎರಡನೆಯ ಆಕ್ಷೇಪಕ್ಕೆ ಮಾತ್ರ ಉತ್ತರವಿಲ್ಲ: ಗ್ರಾಂಗಟ್ಟಲೆ ದುಬಾರಿ ಐಸೋಟೋಪು ಬೇಕು, ಮತ್ತು ಹೆಚ್ಚು ಭ್ರಮಣದ (ಸ್ಪಿನ್) ಮಟ್ಟಗಳು ಈ ವಿಧಾನಕ್ಕೆ ಎಟುಕುವುದಿಲ್ಲ.

ನ್ಯೂಟ್ರಾನುಗಳು ಶೋಧಕದ ಜರ್ಮೇನಿಯಂ ಅನ್ನೂ ಬಿಡುವುದಿಲ್ಲ. ಅವು ಅದರ ಹರಳನ್ನು ಹಾಳುಮಾಡುತ್ತವೆ, ರೋಹಿತದಲ್ಲಿ ತಮ್ಮದೇ ಗುರುತುಗಳನ್ನೂ ಮೂಡಿಸುತ್ತವೆ. ಸ್ಪಂದಿತ ಪುಂಜದಲ್ಲಿ ಗಾಮಾ ಮೊದಲು, ನ್ಯೂಟ್ರಾನ್ ತಡವಾಗಿ ತಲುಪುವ ಕಾಲಾಂತರ ನೋಡಿ ಅವನ್ನು ಬಹುಪಾಲು ಬೇರ್ಪಡಿಸುತ್ತಾರೆ. ಜರ್ಮೇನಿಯಂ-76ರ ನ್ಯೂಟ್ರಿನೋರಹಿತ ಜೋಡಿ ಬೀಟಾ ಕ್ಷಯವೆಂಬ, ಇನ್ನೂ ಕಾಣದ ಕ್ಷಯದ ಹುಡುಕಾಟದಲ್ಲಿ ಈ ತೊಡಕೂ ಒಂದು ಪ್ರಶ್ನೆಯಾಯಿತು. ಅಲ್ಲಿ ನಿರೀಕ್ಷಿತ ಗೆರೆ 2039 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದರ ಮಗ್ಗುಲಲ್ಲೇ ಬೀಳುವ, ನ್ಯೂಟ್ರಾನ್ ಎಬ್ಬಿಸಿದ ಗಾಮಾ ಎಷ್ಟಿರಬಹುದೆಂದು ಕೆಂಟಕಿಯಲ್ಲಿ ಅಳೆದಿದ್ದಾರೆ.